ಸಂತನ ಮುದ್ರೆಯ ನಾಣ್ಯ

ಖುತ್ಬಾದಲ್ಲಿ ಯಾರ ಹೆಸರೋ, ನಾಣ್ಯದ ಮೇಲೆ ಯಾರ ಹೆಸರೋ, ಅವನೇ ಸುಲ್ತಾನ. ಹೀಗೆಂದು ಕೇಳುತ್ತಾ ಬೆಳೆದವರು ನಾವು. ಆದ್ದರಿಂದ ಮಧ್ಯಯುಗದ ಜರ್ಮನಿಯ ಇತಿಹಾಸ ಓದಿದಾಗ ನಮಗೆ ಅಚ್ಚರಿಯಾಯಿತು. ಅಲ್ಲಿ ಧರ್ಮಪೀಠದಲ್ಲಿ ಕುಳಿತವರೇ ಟಂಕಸಾಲೆಯ ಒಡೆಯರೂ ಆಗಿದ್ದರು.

ಈ ಅಧಿಕಾರವನ್ನು ಕೊಟ್ಟವರು ಅರಸರೇ. ಬಿಷಪ್ಪನಿಗೆ ಕಾನೂನುಬದ್ಧ ವಾರಸುದಾರರಿಲ್ಲ. ಕೊಟ್ಟ ಹಕ್ಕು ಅವನ ವಂಶದ ಪಾಲಾಗದು ಎಂಬುದು ಅವರ ಲೆಕ್ಕಾಚಾರ. 994ರಲ್ಲಿ ಮೂರನೇ ಆಟೊ, ಕ್ವೆಡ್ಲಿನ್‌ಬರ್ಗಿನ ಸನ್ಯಾಸಿನಿಯರ ಮಠಕ್ಕೆ ಸಂತೆ, ಸುಂಕ ಮತ್ತು ನಾಣ್ಯದ ಹಕ್ಕು ನೀಡಿದ. ಆಗ ಮಠಾಧಿಪತಿಯಾಗಿದ್ದವಳು ಅವನ ಸೋದರತ್ತೆ ಮಟಿಲ್ಡಾ. ಮುಂದೆ ಅಲ್ಲಿನ ಮಠಾಧಿಪತಿಯರ ಚಿತ್ರವೇ ಬೆಳ್ಳಿಯ ಮೇಲೆ ಮೂಡಿತು. ಆದರೆ ಲೆಕ್ಕ ತಪ್ಪಿತು. 1220ರಲ್ಲಿ ಎರಡನೇ ಫ್ರೆಡರಿಕ್, ತನ್ನ ಮಗ ಹೆನ್ರಿಯನ್ನು ರಾಜನಾಗಿ ಆರಿಸಿದ ಧರ್ಮಾಧಿಕಾರಿಗಳಿಗೆ ಲಿಖಿತ ವಾಗ್ದಾನ ಕೊಟ್ಟ: ಅವರ ಒಪ್ಪಿಗೆಯಿಲ್ಲದೆ ಅವರ ನೆಲದಲ್ಲಿ ತಾನು ಹೊಸ ಸುಂಕ ಹಾಕುವುದಿಲ್ಲ, ಹೊಸ ಟಂಕಸಾಲೆ ತೆರೆಯುವುದಿಲ್ಲ. ಕೊಟ್ಟವನ ಕೈ ಕಟ್ಟಿಹೋಯಿತು.

ಜನಸಾಮಾನ್ಯರಿಗೆ ಇದರಿಂದ ಏನಾಯಿತು? 1152ರಿಂದ 1192ರವರೆಗೆ ಮ್ಯಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ವಿಖ್ಮನ್ ಕಾಗದದಷ್ಟು ತೆಳುವಾದ ಬೆಳ್ಳಿ ನಾಣ್ಯ ಹೊರಡಿಸುತ್ತಿದ್ದ. ಒಂದೇ ಬದಿಯಲ್ಲಿ ಮುದ್ರೆ. ಹಲವು ನಾಣ್ಯಗಳಲ್ಲಿ ಸಂತ ಮಾರಿಸ್‌ನ ಚಿತ್ರ. ವರ್ಷಕ್ಕೆ ಎರಡು ಬಾರಿ ಹಳೆಯದು ರದ್ದು. ಆ ಕಾಲದ ಜರ್ಮನಿಯಲ್ಲಿ ಹಲವೆಡೆ 12 ಹಳೆಯ ನಾಣ್ಯ ಕೊಟ್ಟರೆ ಸಿಗುತ್ತಿದ್ದುದು 9 ಹೊಸದು. ಉಳಿದ ಮೂರು ಒಡೆಯನ ಪಾಲು. ತೆರಿಗೆ ಎಂಬ ಹೆಸರಿಲ್ಲದ ತೆರಿಗೆ ಇದು. ಮುಂದೆ ಅನೇಕ ನಗರಗಳು ತಮ್ಮ ಒಡೆಯರಿಗೆ ದೊಡ್ಡ ಮೊತ್ತ ತೆತ್ತು, ರದ್ದಾಗದ ‘ಶಾಶ್ವತ ಫೆನ್ನಿಗ್’ ಪಡೆದವು.

ನಮ್ಮನ್ನು ಹೆಚ್ಚು ಕಾಡಿದ್ದು ಆ ಸಂತನ ಕಥೆ. ಕ್ರೈಸ್ತ ಪರಂಪರೆಯ ಪ್ರಕಾರ ಮಾರಿಸ್ ಈಜಿಪ್ಟಿನ ಸೈನಿಕ. ಚಕ್ರವರ್ತಿಯ ಅನ್ಯಾಯದ ಆಜ್ಞೆಯನ್ನು ಧಿಕ್ಕರಿಸಿ ಪ್ರಾಣ ಕೊಟ್ಟವನು. ಅಂಥವನ ಮುದ್ರೆಯೇ ಬಡವನ ಚೀಲದಿಂದ ಬೆಳ್ಳಿ ಕೀಳುವ ಸಾಧನವಾಯಿತು!

ಇದನ್ನು ಕ್ರೈಸ್ತರ ತಪ್ಪೆಂದು ಓದಿ ಪುಸ್ತಕ ಮುಚ್ಚಿದರೆ ನಮಗೆ ಪ್ರಯೋಜನವಿಲ್ಲ. ಅಳತೆ, ತೂಕದಲ್ಲಿ ವಂಚಿಸುವವರಿಗೆ ಎಚ್ಚರಿಕೆ ನೀಡುತ್ತಲೇ ಆರಂಭವಾಗುವ ಅಧ್ಯಾಯ ಕುರ್‌ಆನಿನಲ್ಲಿದೆ. ಆದರೂ ನಮ್ಮ ಚರಿತ್ರೆಯಲ್ಲಿ ಎಷ್ಟೋ ಮಿಂಬರ್‌ಗಳು ಸಿಂಹಾಸನದ ಹೆಸರನ್ನು ಲೆಕ್ಕ ಕೇಳದೆ ಓದಿದವು. ಧರ್ಮದ ಹೆಸರಿನಲ್ಲಿ ಹಣ ಕೈಗೆ ಬಂದಾಗ, ಅದರ ಲೆಕ್ಕ ಕೇಳುವ ಹಕ್ಕನ್ನು ನಾವು ಯಾರಿಗೆ ಕೊಟ್ಟಿದ್ದೇವೆ?