ಶಕ್ತಿಗೆ ತಕ್ಕ ನಡಿಗೆ

ಮೂಡುಬಿದಿರೆಯ ಹದಿನೆಂಟು ಬಸದಿಗಳನ್ನು ಒಂದೇ ದಿನ ಕಾಲ್ನಡಿಗೆಯಲ್ಲಿ ದರ್ಶಿಸಿ, ಸಂಜೆ ಬಂಟ್ವಾಳಕ್ಕೆ ಮರಳುವುದು ಬಹುಕಾಲ ನನ್ನ ವಾರ್ಷಿಕ ನಿಯಮವಾಗಿತ್ತು. ಕೆಲವು ವರ್ಷಗಳ ಹಿಂದೆ ಜ್ವರವೊಂದು ಬಂದು ಹೋಯಿತು. ಅದು ತಂದ ದಣಿವು ಮಾತ್ರ ಹೋಗಲಿಲ್ಲ. ಆ ವರ್ಷವೂ ನಿಯಮ ಬಿಡಲಾರದೆ ಹೊರಟೆ. ದರ್ಶನದ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಹಾಸಿಗೆ ಹಿಡಿದವನು ಎರಡು ವಾರ ಏಳಲಿಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ ಯಾವುದೂ ಪರೀಕ್ಷೆಯಲ್ಲಿ ಕಾಣಲಿಲ್ಲ. ‘ಸೋಮಾರಿತನ ಬಿಡಿ, ದಿನದಿನಕ್ಕೂ ನಡಿಗೆ ಹೆಚ್ಚಿಸಿ’ ಎಂದರು ಒಬ್ಬ ವೈದ್ಯರು. ಹೆಚ್ಚಿಸಿದಷ್ಟೂ ಕುಸಿದೆ.

ದೇಹದ ನೋವಿಗಿಂತ ನನ್ನನ್ನು ಕಾಡಿದ್ದು ಒಂದು ಧರ್ಮಸಂದೇಹ. ತತ್ತ್ವಾರ್ಥಸೂತ್ರವು ಹೇಳುವ ಐದು ಬಂಧಹೇತುಗಳಲ್ಲಿ ಪ್ರಮಾದವೂ ಒಂದು. ಹಗಲೆಲ್ಲ ಮಲಗಿರುವ ನಾನು ಪ್ರಮಾದಿಯೇ?

ಉತ್ತರ ಅದೇ ಗ್ರಂಥದಲ್ಲಿತ್ತು. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಇರುವ ಶಕ್ತಿಯನ್ನು ಬಚ್ಚಿಡಬಾರದು, ದೇಹದಂಡನೆಯು ಮೋಕ್ಷಮಾರ್ಗಕ್ಕೆ ವಿರೋಧವೂ ಆಗಬಾರದು ಎಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ. ಇಲ್ಲದ ಶಕ್ತಿಯನ್ನು ಉಂಟೆಂದು ತೋರಿಸಹೊರಟ ನನ್ನ ನಡಿಗೆಯಲ್ಲಿ ತಪಸ್ಸಿಗಿಂತ ಮಾನಕಷಾಯವೇ ಹೆಚ್ಚಿತ್ತು.

ವೈದ್ಯಶಾಸ್ತ್ರವೂ ತನ್ನ ಮಾತನ್ನು ತಿದ್ದಿಕೊಂಡಿದೆ. ಶ್ರಮದ ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ಬಳಿಕ ಲಕ್ಷಣಗಳು ಉಲ್ಬಣಿಸುವುದು ದೀರ್ಘಕಾಲಿಕ ಆಯಾಸ ರೋಗದ ಮುಖ್ಯ ಗುರುತು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು, ಇಂಥ ರೋಗಿಗಳಿಗೆ ಕ್ರಮೇಣ ಹೆಚ್ಚಿಸುವ ವ್ಯಾಯಾಮವನ್ನು 2007ರಲ್ಲಿ ಶಿಫಾರಸು ಮಾಡಿ, 2021ರಲ್ಲಿ ಕೈಬಿಟ್ಟಿತು. ಇರುವ ಚೈತನ್ಯದ ಮಿತಿಯೊಳಗೆ ಚಟುವಟಿಕೆಯನ್ನು ಹಂಚಿಕೊಳ್ಳಬೇಕೆಂಬುದು ಅದರ ಈಗಿನ ಸಲಹೆ.

ಈಗ ಅಂಗಳದಲ್ಲಿ ದಿನಕ್ಕೆ ಮೂರು ಬಾರಿ, ಏಳೇಳು ನಿಮಿಷ ನಡೆಯುತ್ತೇನೆ. ದಣಿವು ಬರುವ ಮೊದಲೇ ಕುಳಿತುಕೊಳ್ಳುತ್ತೇನೆ. ಮೈ ಹಗುರವಾದ ದಿನವೂ ಎಂಟನೆಯ ನಿಮಿಷಕ್ಕೆ ಆಸೆಪಡುವುದಿಲ್ಲ; ಕಷ್ಟದ ವ್ರತವೆಂದರೆ ಇದೇ. ಮೈ ಭಾರವಾದ ದಿನ ನಡಿಗೆಯನ್ನೇ ಬಿಟ್ಟು, ಮಲಗಿದ್ದಲ್ಲೇ ಣಮೋಕಾರ ಜಪಿಸುತ್ತೇನೆ.

2024ರಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. 1604ರಲ್ಲಿ ತಿಮ್ಮಣ್ಣ ಅಜಿಲರು ಪ್ರತಿಷ್ಠಾಪಿಸಿದ, 35 ಅಡಿ ಎತ್ತರದ ಆ ಬಾಹುಬಲಿಯ ಮಸ್ತಕದವರೆಗೆ ಅಟ್ಟಳಿಗೆ ಕಟ್ಟಿದ್ದರು. ಕಲಶ ಹಿಡಿದು ಏರಬೇಕೆಂದು ಮನಸ್ಸು ಹಾತೊರೆಯಿತು. ‘ನೀನು ಇಲ್ಲೇ ಕೂತಿರು ತಮ್ಮಾ, ನಿನ್ನ ಹೆಸರಿನಲ್ಲಿ ನಾನು ಎರೆದು ಬರುತ್ತೇನೆ’ ಎಂದು ಅಕ್ಕ ಕುರ್ಚಿ ತಂದಿಟ್ಟಳು. ಹತ್ತಿರದಲ್ಲಿದ್ದ ಒಬ್ಬರು ‘ಗಟ್ಟಿಮುಟ್ಟಾಗಿದ್ದೀರಲ್ಲ, ಏರಬಾರದೇ?’ ಎಂದು ಕೇಳಿದರು. ಉತ್ತರ ಕೊಡದೆ ಮೇಲೆ ನೋಡಿದೆ. ಅಂಥ ಮಹಾತಪಸ್ವಿಗೂ ಮನದೊಳಗಿನ ಒಂದು ಶಲ್ಯವೇ ಕೇವಲಜ್ಞಾನಕ್ಕೆ ಅಡ್ಡಿಯಾಗಿತ್ತೆಂಬ ಕಥೆ ನೆನಪಾಯಿತು. ಹಾಲಿನ ಧಾರೆ ಪಾದದವರೆಗೆ ಇಳಿಯುವುದನ್ನು ಕುಳಿತೇ ಕಂಡೆ.

ಧರ್ಮಬಾಂಧವರಲ್ಲಿ ಒಂದು ಬಿನ್ನಹ: ನೋಟಕ್ಕೆ ಆರೋಗ್ಯವಂತರಂತಿರುವವರು ಬಸದಿಯ ಜಗಲಿಯಲ್ಲಿ ಕುಳಿತುಬಿಟ್ಟರೆ ಸೋಮಾರಿಗಳೆನ್ನಬೇಡಿ. ಈ ವರ್ಷ ನಾನು ಮೂಡುಬಿದಿರೆಯಲ್ಲಿ ಎರಡೇ ಬಸದಿಗಳನ್ನು ಕಂಡೆ. ಉಳಿದ ಹದಿನಾರಕ್ಕೆ ಕುಳಿತಲ್ಲಿಂದಲೇ ಕೈಮುಗಿದೆ.