ಪರೀಕ್ಷಕನ ಪರೀಕ್ಷೆ

ವಿದ್ಯಾರ್ಥಿಯ ಉತ್ತರವನ್ನು ತಿದ್ದುವ ಉಪಾಧ್ಯಾಯನನ್ನು ತಿದ್ದುವವರು ಯಾರು? ಪ್ರಶ್ನೆ ಹಳೆಯದು. ಆದರೆ ಇದನ್ನು ಕೇಳುವವನು ಸಾಮಾನ್ಯವಾಗಿ ಅನುತ್ತೀರ್ಣನಾದ ಹುಡುಗನೇ ಆದುದರಿಂದ ಯಾರೂ ಅದಕ್ಕೆ ಕಿವಿಗೊಡುವುದಿಲ್ಲ.

ಗಾಲಿಕುರ್ಚಿಯಲ್ಲಿ ಸಂಚರಿಸುವವರ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ನಕ್ಕು ಕಳೆಯುವಂತಿಲ್ಲ. ಕೈಯಿಂದ ಗಾಲಿಗಳನ್ನು ತಳ್ಳಿಕೊಂಡು ಹೋಗುವುದೂ ಒಂದು ವಿದ್ಯೆಯೇ ಸರಿ. ಬಾಗಿಲನ್ನು ತೆರೆದು ದಾಟುವುದು, ಇಳಿಜಾರಿನಲ್ಲಿ ವೇಗವನ್ನು ತಡೆಯುವುದು, ಮುಂದಿನ ಕಿರುಗಾಲಿಗಳನ್ನೆತ್ತಿ ಹಿಂದಿನೆರಡರ ಮೇಲೆಯೇ ತೂಗಿ ನಿಲ್ಲುವುದು, ಇವೆಲ್ಲ ಅಭ್ಯಾಸದಿಂದ ಬರತಕ್ಕವು. ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿರುವ ಡಲ್‌ಹೌಸಿ ವಿಶ್ವವಿದ್ಯಾನಿಲಯದ ವೈದ್ಯರಾದ ಲೀ ಕರ್ಬಿಯವರೂ ಅವರ ಸಂಗಡಿಗರೂ ಈ ವಿದ್ಯೆಯನ್ನು ಅಳೆಯಲು ಕ್ರಮಬದ್ಧವಾದ ಪರೀಕ್ಷೆಯೊಂದನ್ನು ರಚಿಸಿ 2002ರಲ್ಲಿ ಪ್ರಕಟಿಸಿದರು. ಪರೀಕ್ಷಾರ್ಥಿಯು ಒಂದೊಂದೇ ಕೆಲಸವನ್ನು ಮಾಡಿ ತೋರಿಸುವನು. ಪರೀಕ್ಷಕನು ನೋಡಿ ಅಂಕವನ್ನು ಬರೆಯುವನು.

ಆ ಅಂಕಕ್ಕೆ ಫಲವುಂಟು. 15 ಸೆಂಟಿಮೀಟರ್ ಎತ್ತರದ ರಸ್ತೆಯಂಚನ್ನು ಹೆಂಗಸೊಬ್ಬಳು ತಡವರಿಸಿ ಏರಿದಳೆಂದು ಇಟ್ಟುಕೊಳ್ಳಬಹುದು. ಒಬ್ಬ ಪರೀಕ್ಷಕನು ಗೆದ್ದಳೆನ್ನುವನು, ಮತ್ತೊಬ್ಬನು ಇಲ್ಲವೆನ್ನುವನು. ಮೊದಲನೆಯವನು ತಪ್ಪಿದ್ದರೆ ಆಕೆ ನಾಳೆ ಬೀದಿಯಲ್ಲಿ ಬಿದ್ದಾಳು. ಎರಡನೆಯವನು ತಪ್ಪಿದ್ದರೆ ಶಕ್ತಿಯಿದ್ದೂ ಮನೆಯ ಹೊಸ್ತಿಲೊಳಗೇ ಉಳಿದಾಳು. ತಪ್ಪು ಪರೀಕ್ಷಕನದು, ದಂಡ ಆಕೆಗೆ.

ಆದಕಾರಣ ಪರೀಕ್ಷೆಯನ್ನೇ ಪರೀಕ್ಷಿಸಬೇಕಾಯಿತು. 2004ರಲ್ಲಿ ಪ್ರಕಟವಾದ ಪರಿಶೀಲನೆಯು ಮೂರು ವಿಷಯಗಳನ್ನು ವಿಚಾರಿಸಿತು: ಅದೇ ವ್ಯಕ್ತಿಯು ಮತ್ತೊಮ್ಮೆ ಪರೀಕ್ಷೆಗೆ ನಿಂತರೆ ಅದೇ ಅಂಕ ಬರುವುದೇ? ಒಮ್ಮೆ ನೋಡಿದವನೇ ಪುನಃ ನೋಡಿ ಅಂಕವಿತ್ತರೆ? ಬೇರೊಬ್ಬನು ನೋಡಿದರೆ? ಪೂರ್ಣವಾದ ಹೊಂದಿಕೆಯನ್ನು 1 ಎಂದೆಣಿಸುವ ಅಳತೆಯಲ್ಲಿ, ಮೂರು ಸಂದರ್ಭಗಳಲ್ಲಿಯೂ ಒಟ್ಟು ಅಂಕಗಳ ಹೊಂದಿಕೆ 0.9ನ್ನು ಮೀರಿತ್ತು.

ಇದು ಸಂತೋಷದ ಸಂಗತಿ. ಆದರೂ ಎಚ್ಚರ ತಪ್ಪಬಾರದು. ಒಟ್ಟು ಅಂಕ ಒಂದೇ ಆದ ಮಾತ್ರಕ್ಕೆ ಬಿಡಿ ಅಂಕಗಳೂ ಒಂದೇ ಆಗಬೇಕೆಂದಿಲ್ಲ. ರಸ್ತೆಯಂಚಿನ ವಿಷಯದಲ್ಲಿನ ಭಿನ್ನಾಭಿಪ್ರಾಯವನ್ನು ಬಾಗಿಲಿನ ಲೆಕ್ಕವು ಮುಚ್ಚಿಬಿಡಬಹುದು. ಮೇಲಾಗಿ, ಹತ್ತು ನಿಮಿಷ ಹಿಂದುಳಿದ ಎರಡು ಗಡಿಯಾರಗಳು ಪರಸ್ಪರ ಒಪ್ಪಿದರೂ ರೈಲು ಅವುಗಳಿಗಾಗಿ ಕಾಯುವುದಿಲ್ಲ. ಪರೀಕ್ಷಾಂಗಣದ ಸಮನಾದ ನೆಲವೇ ಬೇರೆ, ಮಳೆಗೆ ಕಿತ್ತುಹೋದ ಬೀದಿಯೇ ಬೇರೆ.

ಇಷ್ಟಿದ್ದರೂ ಒಂದು ಮಾತು ಮೆಚ್ಚತಕ್ಕದ್ದು. ಅನುತ್ತೀರ್ಣನಾದ ಹುಡುಗನು ಕೇಳುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಪರೀಕ್ಷಕರೇ ತಮಗೆ ಹಾಕಿಕೊಂಡರು.