ಹಿಂದಿನ ಸಾಲಿನಲ್ಲಿ ಕೂತು ತಂದದ್ದು

1979ರ ಮಾರ್ಚಿನಲ್ಲಿ ನಾವು ಐದು ಜನ ಬೆಂಗಳೂರಿನ ಬಂಡಾಯ ಸಾಹಿತ್ಯ ಸಮ್ಮೇಳನಕ್ಕೆ ಹೋಗಿಬಂದೆವು. ಊರಲ್ಲಿ ಕಬ್ಬು ಕಡಿಯೋ ಕಾಲ. ಅವ್ವ ಕೇಳಿದ್ದು ಒಂದೇ ಮಾತು: ‘ಎರಡು ದಿನದ ಕೂಲಿ ಕಳ್ಕೊಂಡು ಹೋಗಿದ್ರಲ್ಲ, ಅಲ್ಲೇನ್ ಕೊಟ್ರಪ್ಪ?’

ಕೈಯಲ್ಲಿದ್ದುದು ಒಂದು ಕರಪತ್ರ, ನೋಟ್‌ಬುಕ್ಕಿನ ಹಾಳೆಯಲ್ಲಿ ಹನ್ನೆರಡು ವಿಳಾಸ. ಅವ್ವನಿಗೆ ತೋರಿಸೋಕೆ ನಾಚಿಕೆಯಾಯಿತು.

ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕಿನ ಕೇರಿಗಳಿಂದ ಬಂದು ಮೈಸೂರಿನ ಹಾಸ್ಟೆಲ್ಲಿನಲ್ಲಿ ಒಂದೇ ನೀರು ಸಾರು ಉಂಡವರು. ನಾವು ಅಲ್ಲಿಗೆ ಸೇರುವ ಮುಂಚೆ, 1973ರ ನವೆಂಬರಿನಲ್ಲಿ, ಅದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದಿದ್ದರು. ಅವರ ಮಂತ್ರಿಗಿರಿ ಹೋಯಿತು, ದಲಿತ ಹುಡುಗರಿಗೆ ಏಟು ಬಿತ್ತು. ಹಾಸ್ಟೆಲ್ಲಿನ ಹಿರಿಯ ಹುಡುಗರು ರಾತ್ರಿ ಹೊತ್ತು ಈ ಕತೆ ಹೇಳೋರು. ಬೂಸಾ ಅಂದರೆ ಇಷ್ಟೊಂದು ಸಿಟ್ಟು ಯಾಕೆ ಅಂತ ನಮಗೆ ಮೊದಲು ತಿಳಿಯಲಿಲ್ಲ. ನಮ್ಮ ಮನೆಗಳಲ್ಲಿ ಬೂಸಾ ಕೊಳ್ಳೋಕೂ ಕಾಸಿರಲಿಲ್ಲ!

ಅದುವರೆಗೆ ಸಾಹಿತ್ಯದ ಸಭೆ ಅಂದರೆ ನಮಗೆ ಗೊತ್ತಿದ್ದುದು ನಮ್ಮ ಕಡೆ ನಡೆದ ಒಂದೇ ಒಂದು. ಚಪ್ಪರಕ್ಕೆ ಸೊಪ್ಪು ಕಟ್ಟಿದ್ದು, ಕುರ್ಚಿ ಹೊತ್ತಿದ್ದು ನಾವೇ. ಪಿರಿಯಾಪಟ್ಟಣದ ಗೆಳೆಯ ಹೊಗೆಸೊಪ್ಪಿನ ಬ್ಯಾರನ್ ಮೇಲೆ ಪದ್ಯ ಬರೆದಿದ್ದ. ಕಡ್ಡಿಗೆ ಸೊಪ್ಪು ಕಟ್ಟಿ ಕಟ್ಟಿ ಅವನ ಅವ್ವನ ಕೈ ಕರ್ರಗೆ ಅಂಟಾಗಿ, ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿ. ಅದೇ ಪದ್ಯ. ದೊಡ್ಡವರೊಬ್ಬರು ನೋಡಿ, ‘ಗ್ರಾಮ್ಯ ಜಾಸ್ತಿಯಾಯ್ತು, ತಿದ್ದಿಕೊಂಡು ಮುಂದಿನ ವರ್ಷ ಬಾ’ ಅಂದರು. ಅವನು ತಿದ್ದಿದ. ಅವ್ವ ಹೋಗಿ ಮಾತೆಯಾದಳು, ಮುದ್ದೆ ಹೋಗಿ ಅನ್ನವಾಯಿತು. ಪದ್ಯ ಸತ್ತೇ ಹೋಯಿತು.

ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದ್ದರು. ಪರಿಷತ್ತು ಒಪ್ಪಲಿಲ್ಲ. ಆ ನಿರಾಕರಣೆಯಿಂದಲೇ ಬೆಂಗಳೂರಿನ ಸಮ್ಮೇಳನ ಹುಟ್ಟಿದ್ದು. ವೇದಿಕೆ ಮೇಲೆ ಯಾರು ಏನು ಹೇಳಿದರು ಅನ್ನೋದು ನಮಗೆ ಅರ್ಧ ಮರೆತುಹೋಗಿದೆ, ಅದಕ್ಕೆ ಕ್ಷಮೆಯಿರಲಿ. ನಾವು ಪಡೆದದ್ದೆಲ್ಲ ಹಿಂದಿನ ಸಾಲಿನಲ್ಲಿ, ಟೀ ಅಂಗಡಿ ಮುಂದೆ, ರಾತ್ರಿ ಮಲಗಿದ ಜಮಖಾನದ ಮೇಲೆ.

ಕೋಲಾರ ಕಡೆಯ ಹುಡುಗನೊಬ್ಬ ತಮ್ಮೂರ ಹೋಟೆಲ್ಲಿನ ಗೋಡೆಗೂಡಿನಲ್ಲಿ ಬೇರೆ ಇಡುವ ಲೋಟದ ವಿಚಾರ ಹೇಳಿದ. ಕುಡಿದು, ತೊಳೆದು, ತಾನೇ ಅಲ್ಲಿಡಬೇಕು. ನಾವು ಮುಖ ಮುಖ ನೋಡಿಕೊಂಡೆವು. ಆ ಗೂಡು ನಮ್ಮೂರಲ್ಲೂ ಇತ್ತು. ಅದನ್ನು ನಮ್ಮ ಹಣೆಬರಹ ಅಂತ ಮುಚ್ಚಿಟ್ಟುಕೊಂಡಿದ್ದೆವು. ಕಬಿನಿ ಅಣೆಕಟ್ಟೆಯ ನೀರಿಗೆ ಊರು ಬಿಟ್ಟುಕೊಟ್ಟ ಕೋಟೆಯ ಗೆಳೆಯ, ಮೂರು ವರ್ಷ ನಮ್ಮ ಜೊತೆ ಇದ್ದೂ ಬಾಯಿಬಿಡದವನು, ಅವತ್ತು ಗುರುತಿಲ್ಲದವರ ಮುಂದೆ ಮುಳುಗಿದ ಮಾರಿಗುಡಿಯ ಕತೆ ಹೇಳಿದ.

ಪಿರಿಯಾಪಟ್ಟಣದವನು ತಿದ್ದುವ ಮೊದಲಿನ ಪದ್ಯ ಅಂದ. ಕಲಬುರ್ಗಿ ಕಡೆಯ ಹಿರಿಯರೊಬ್ಬರು ಎದ್ದು ಕೂತರು. ‘ಬ್ಯಾರನ್ ಅಂದ್ರ ಏನ್ರೀ?’ ಇವನು ವಿವರಿಸಿದ. ‘ಇನ್ನೊಮ್ಮಿ ಹೇಳ್ರಿ’ ಅಂದರು. ದೇವನೂರ ಮಹಾದೇವರ ‘ದ್ಯಾವನೂರು’ ಬಂದು ಆಗಲೇ ಆರು ವರ್ಷ. ನಮ್ಮ ಪಕ್ಕದ ನಂಜನಗೂಡಿನ ಮಾತು ಅಚ್ಚಾಗಿದ್ದನ್ನು ನಾವು ಓದಿದ್ದೆವು. ಆದರೂ ನಮ್ಮ ಬಾಯಿಂದ ಬಿದ್ದ ಮಾತನ್ನು ಇನ್ನೊಂದು ಸೀಮೆಯವರು ಮತ್ತೆ ಕೇಳುವುದು ಬೇರೆ. ಅವನು ಆಮೇಲೆ ತಿದ್ದಿಸಿಕೊಳ್ಳೋಕೆ ಯಾರ ಹತ್ತಿರವೂ ಹೋಗಲಿಲ್ಲ.

ಮನೆಯಲ್ಲಿ ಅವ್ವನಿಗೆ ಕೋಲಾರದ ಲೋಟದ ವಿಚಾರ ಹೇಳಿದೆವು. ‘ಅಲ್ಲೂವೆ ಹಂಗೇನಾ?’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರೂ ಏನೂ ಮಾಡ್ನಿಲ್ವಾ?’ ಅಂದಳು. ಮುಂದಿನ ತಿಂಗಳು ಕೇರಿಯಲ್ಲಿ ಸಭೆ ಸೇರಿಸಿದಾಗ ಲಾಟೀನು ತಂದವಳು ಅವಳೇ. ಹನ್ನೆರಡು ವಿಳಾಸದಲ್ಲಿ ಏಳಕ್ಕೆ ಕಾಗದ ಬರೆದೆವು, ಮೂರರಿಂದ ಉತ್ತರ ಬಂತು, ಇಬ್ಬರು ನಮ್ಮ ಕೇರಿಗೇ ಬಂದು ಉಂಡು ಹೋದರು.

ಈಗ ದೊಡ್ಡ ಸಮ್ಮೇಳನಗಳಿಗೆ ಮೇಷ್ಟ್ರುಗಳು ಓಓಡಿ ಹಾಕಿಕೊಂಡು ಹೋಗಿ, ಬ್ಯಾಗು ಇಸಿದುಕೊಂಡು, ಹಾಜರಾತಿ ಪತ್ರ ಬರೆಸಿಕೊಂಡು ಮಧ್ಯಾಹ್ನದ ಬಸ್ಸಿಗೇ ವಾಪಸ್ಸಾಗುವುದೂ ಉಂಟು. 1915ರಲ್ಲಿ ಶುರುವಾದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ದಲಿತರೊಬ್ಬರು ಕೂರಲು 2015 ಬರಬೇಕಾಯಿತು, ಶ್ರವಣಬೆಳಗೊಳದಲ್ಲಿ, ಸಿದ್ಧಲಿಂಗಯ್ಯನವರು. 2023ರಲ್ಲಿ ಹಾವೇರಿಯಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಿದರೆಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. 2024ರ ಮಂಡ್ಯದಲ್ಲಿ ಬಾಡೂಟ ಬೇಕೋ ಬೇಡವೋ ಅಂತ ಜಗಳ. ಅದು ಬರೀ ಊಟದ ಜಗಳ ಅಂದುಕೊಂಡವರಿಗೆ ನಮ್ಮ ಗೆಳೆಯನ ಮುದ್ದೆ ಅನ್ನವಾದ ಕತೆ ಹೇಳಬೇಕು.

ಮೊನ್ನೆ ಹುಣಸೂರು ಕಡೆಯ ಹುಡುಗಿಯೊಬ್ಬಳು ಪದ್ಯದ ಹಾಳೆ ಹಿಡಿದು ಬಂದಿದ್ದಳು. ‘ವೇದಿಕೆ ಸಿಗಲ್ಲ ಸಾರ್, ಸುಮ್ನೆ ಯಾಕೆ ಹೋಗ್ಲಿ?’ ಅಂದಳು. ಬಸ್ ಚಾರ್ಜು ಕೊಟ್ಟೆವು. ರಾತ್ರಿ ಉಳಿದುಕೊಂಡು ಬಾ, ಹತ್ತು ಜನರ ಫೋನ್ ನಂಬರು ಬರೆದುಕೊಂಡು ಬಾ ಅಂದೆವು.